ಪ್ಲ್ಯಾನ್ 200, ರೂಟರ್ 100!

ಮಾನ್ಯ ಸಂಪಾದಕರೇ,

ಸೆಕೆಂಡಿಗೆ 200 ಮೆಗಾಬಿಟ್ ವೇಗದ ಫೈಬರ್ ಸಂಪರ್ಕಕ್ಕೆ ತಪ್ಪದೆ ಹಣ ಕಟ್ಟುತ್ತಿದ್ದರೂ ನಮ್ಮ ಮನೆಯಲ್ಲಿ ವೇಗ ಎಂದೂ 94ರ ಗಡಿ ದಾಟುತ್ತಿರಲಿಲ್ಲ. ದೂರು ಕೊಟ್ಟಾಗಲೆಲ್ಲ ರೂಟರ್ ಆಫ್ ಮಾಡಿ ಆನ್ ಮಾಡಿ ಎಂಬ ಉತ್ತರವೇ ಬರುತ್ತಿತ್ತು. ಕೊನೆಗೆ ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ನೇರವಾಗಿ ರೂಟರ್‌ಗೆ ಜೋಡಿಸಿ ನೋಡಿದಾಗಲೂ ಅಷ್ಟೇ ಬಂದದ್ದರಿಂದ, ದೋಷ ವೈಫೈನದ್ದಲ್ಲ ಎಂಬುದು ಖಚಿತವಾಯಿತು. ಕಂಪನಿಯವರೇ ಅಳವಡಿಸಿದ್ದ ರೂಟರ್‌ನಲ್ಲಿ ಕೇಬಲ್ ಸಿಕ್ಕಿಸುವ ಕಿಂಡಿಗಳ, ಅಂದರೆ ಪೋರ್ಟ್‌ಗಳ, ಗರಿಷ್ಠ ಸಾಮರ್ಥ್ಯವೇ 100 ಮೆಗಾಬಿಟ್ ಆಗಿತ್ತು. ಗಿಗಾಬಿಟ್ (1000 ಮೆಗಾಬಿಟ್) ಪೋರ್ಟ್ ಇರುವ ರೂಟರ್ ಹಾಕಿಸಿದ ದಿನವೇ ಪೂರ್ಣ ವೇಗ ದೊರೆಯಿತು.

ಇಂತಹ ತೊಂದರೆ ಅನುಭವಿಸುತ್ತಿರುವ ಓದುಗರು ಮೊದಲು ಹೀಗೆ ಕೇಬಲ್ ಜೋಡಿಸಿ ಪರೀಕ್ಷಿಸುವುದು ಒಳಿತು. ಕೇಬಲ್‌ನಲ್ಲಿ ಸರಿಯಾದ ವೇಗ ಬಂದು ಫೋನಿನಲ್ಲಿ ಮಾತ್ರ ಬಾರದಿದ್ದರೆ, ರೂಟರನ್ನು ಟಿವಿಯ ಹಿಂದಿನಿಂದಲೋ ಕಬ್ಬಿಣದ ಬೀರುವಿನ ಪಕ್ಕದಿಂದಲೋ ತೆಗೆದು ನಡುಮನೆಯಲ್ಲಿ ಎತ್ತರದ ಜಾಗದಲ್ಲಿಡಬೇಕು. ವೈಫೈನ ಎರಡು ತರಂಗಾಂತರಗಳ ಪೈಕಿ 2.4 ಗಿಗಾಹರ್ಟ್ಸ್ ಸಂಕೇತ ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ನಿಧಾನ. 5 ಗಿಗಾಹರ್ಟ್ಸ್ ವೇಗವಾಗಿದ್ದರೂ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ಕಿಟಕಿಯ ಸಂದಿಯಲ್ಲಿ ಫೈಬರ್ ತಂತಿ ಚೂಪಾಗಿ ಮಡಚಿಕೊಂಡಿದ್ದರೂ ಬೆಳಕು ಸೋರಿ ಸಂಪರ್ಕ ಕೆಡುತ್ತದೆ.

ಆದರೆ ಪ್ಲ್ಯಾನ್‌ಗೆ ತಕ್ಕ ಸಾಧನ ಕೊಡುವುದು ಗ್ರಾಹಕನ ಹೊಣೆಯಲ್ಲ. ರೂಟರ್‌ನ ಪೋರ್ಟ್ ಸಾಮರ್ಥ್ಯವನ್ನು ಸಂಪರ್ಕ ನೀಡುವಾಗಲೇ ರಸೀದಿಯಲ್ಲಿ ನಮೂದಿಸುವುದನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಕಡ್ಡಾಯಗೊಳಿಸಬೇಕೆಂದು ವಿನಂತಿಸುತ್ತೇನೆ. ಅಲ್ಲಿಯವರೆಗೆ ಗ್ರಾಹಕರು ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಪರಿಹಾರ ಸಿಗದಿದ್ದರೆ ಆಯಾ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಲು ಹಿಂಜರಿಯಬಾರದು.

– ಓರ್ವ ಗ್ರಾಹಕ, ಸಾಗರ