ತೋಟದ ಪತ್ರ ಮನೆಗೆ ಬಂತು

ಮೊನ್ನೆ ಸೋಮವಾರ ಬ್ಯಾಂಕಿಗೆ ಹೋಗಿ ಕಾಲೇಜ್ ಬಿಲ್ಡಿಂಗ್ ಸಾಲದ ಕೊನೇ ಕಂತು ಕಟ್ಟಿ, ಅಡ ಇಟ್ಟಿದ್ದ ಅಮ್ಮನ ತೋಟದ ಪತ್ರ ಬಿಡಿಸ್ಕೊಂಡು ಬಂದೆ. 13 ವರ್ಷ ಆಗಿತ್ತು. ಛಾಪಾ ಕಾಗದ ಮಡಿಕೆ ಬಿದ್ದ ಕಡೆ ಹರಿಯೋ ಹಾಗಾಗಿದೆ. ಅಮ್ಮ ಕನ್ನಡಕ ಹಾಕ್ಕೊಂಡು ಸರ್ವೆ ನಂಬರ್ ಮಾತ್ರ ಓದಿ "ಸರಿ ಇದೆ" ಅಂದು ದೇವರ ಮುಂದೆ ಇಟ್ಲು. ಅಪ್ಪ ಏನೂ ಮಾತಾಡ್ಲಿಲ್ಲ, ಸಂಜೆವರೆಗೂ ಜಗಲಿ ಮೇಲೆ ಕೂತಿದ್ರು.

ಅವತ್ತು ರಾತ್ರಿ ಯಾರ್ಯಾರಿಗೆ ಥ್ಯಾಂಕ್ಸ್ ಹೇಳ್ಬೇಕು ಅಂತ ಬರೀತಾ ಹೋದೆ, ಎರಡು ಹಾಳೆ ತುಂಬ್ತು, ನೋಡಿದ್ರೆ ಅದರಲ್ಲಿ ನಮ್ಮನೆಯವರು ಮೂರೇ ಜನ. ತಿಪಟೂರಲ್ಲಿ ಎಲ್ರೂ ನಮ್ಮದನ್ನ ಫ್ಯಾಮಿಲಿ ಕಾಲೇಜು ಅಂತಾರೆ, ಟ್ರಸ್ಟ್ ಡೀಡಲ್ಲಿ ಇರೋದೂ ನಮ್ಮನೆ ಹೆಸರುಗಳೇ, ಆದ್ರೆ ಇದನ್ನ ಹೊತ್ಕೊಂಡು ಬಂದವರು ಬೇರೆಯವರು, ಅದನ್ನ ಹೇಳೋಕೇ ಈ ಬರಹ. ಹೆಸರು ಹಾಕ್ತಿಲ್ಲ, ಕೆಲವ್ರಿಗೆ ಅದು ಇಷ್ಟ ಆಗಲ್ಲ, ಕೆಲವ್ರು ಈಗ ಇಲ್ಲ.

ಮೊದಲನೇದು ಮಂಡಿ ಯಜಮಾನರಿಗೆ. ಅಪ್ಪ ಅವರ ಕೊಬ್ಬರಿ ಮಂಡೀಲಿ ಗುಮಾಸ್ತರಾಗಿದ್ರು, ಹರಾಜಿನ ದಿನ ಚೀಟಿ ಬರೆಯೋದು, ರಾತ್ರಿ ಖಾತೆ ಕೂಡಿಸೋದು. ಇಂಗ್ಲಿಷ್ ಟೈಪಿಂಗ್ ಸೀನಿಯರ್ ಮತ್ತು ಶಾರ್ಟ್‌ಹ್ಯಾಂಡ್ ಪಾಸಾಗಿದ್ರು. 70ರ ದಶಕದ ಕೊನೇಲಿ ಒಂದಿನ ಯಜಮಾನರೇ ಕರೆದು, ಮೇಲ್ಗಡೆ ರೂಮು ಖಾಲಿ ಇದೆ, ನಮ್ಮ ಹುಡುಗರಿಗೆ ಟೈಪಿಂಗ್, ಲೆಕ್ಕ ಹೇಳ್ಕೊಡು, ಬಾಡಿಗೆ ಕೈಗೆ ಬಂದಾಗ ಕೊಡು ಅಂದ್ರಂತೆ. ಎರಡು ಸೆಕೆಂಡ್ ಹ್ಯಾಂಡ್ ರೆಮಿಂಗ್ಟನ್ನು, ಒಂದು ಹಾಲ್ಡಾ, ಮೂರು ಮೆಷೀನು. ಕೆಳಗೆ ಕೊಬ್ಬರಿ ಚೀಲ, ಮೇಲೆ ಎ ಎಸ್ ಡಿ ಎಫ್ ಜಿ. ಬೆಳಿಗ್ಗೆ ಆರಕ್ಕೆ ಮೊದಲನೇ ಬ್ಯಾಚು, ರಾತ್ರಿ ಎಂಟಕ್ಕೆ ಕೊನೇದು, ನಡುವೆ ಅಪ್ಪ ಕೆಳಗಿಳಿದು ಮಂಡಿ ಲೆಕ್ಕ ಬರೀತಿದ್ರು. ಹೀಗೆ ಆರು ವರ್ಷ, ಯಜಮಾನರು ಬಾಡಿಗೆ ಅಂತ ಒಂದು ಸಲಾನೂ ಬಾಯಿಬಿಟ್ಟು ಕೇಳ್ಲಿಲ್ಲ.

ಈಗಿನ ಮಕ್ಕಳಿಗೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ಅಂದ್ರೆ ಏನು ಅಂತ ಹೇಳಿದ್ರೂ ಅರ್ಥ ಆಗಲ್ಲ, ಆದ್ರೆ ಆಗ ಪಿಯುಸಿ ಮುಗಿಸಿದವ್ರಿಗೆ, ಅದರಲ್ಲೂ ಹಳ್ಳಿ ಹೆಣ್ಮಕ್ಕಳಿಗೆ, ಗೌರ್ಮೆಂಟ್ ಕೆಲಸದ ಬಾಗಿಲು ಅದೇ ಆಗಿತ್ತು, ಕೋರ್ಟಲ್ಲಿ ಬೆರಳಚ್ಚುಗಾರ, ವಿಧಾನಸೌಧದಲ್ಲಿ ಸ್ಟೆನೋ. ಕನ್ನಡ ಮೆಷೀನ್ ಕಲಿಯೋದು ಇನ್ನೂ ಕಷ್ಟ, ಕೆಲವು ಕೀ ಒತ್ತಿದ್ರೆ ಕ್ಯಾರೇಜ್, ಅಂದ್ರೆ ಪೇಪರ್ ಹಿಡ್ಕೊಂಡು ಸರಿಯೋ ಭಾಗ, ಮುಂದಕ್ಕೆ ಹೋಗಲ್ಲ, ಗುರುತು ಅಕ್ಷರಕ್ಕೆ ಸರಿಯಾಗಿ ಕೂರ್ಬೇಕು. ಕನ್ನಡದ ಕೀಲಿಮಣೆ ರೂಪಿಸಿದ ಅನಂತಸುಬ್ಬರಾಯರ ಹೆಸರನ್ನ ಅಪ್ಪ ಮೊದಲನೇ ಕ್ಲಾಸಲ್ಲೇ ಹೇಳಿ, ಅವರಿಗೊಂದು ಕೈ ಮುಗಿಸಿ ಆಮೇಲೆ ಪೇಪರ್ ಹಾಕ್ಸೋರು.

ಈಗ ರಿಪೇರಿ ಮಾವ. ನಮಗೆ ನೆಂಟರಲ್ಲ, ಅರಸೀಕೆರೆಯಿಂದ ರೈಲಲ್ಲಿ ಬರ್ತಿದ್ದ ಟೈಪ್‌ರೈಟರ್ ಮೆಕ್ಯಾನಿಕ್ಕು, ನಾನು ಮತ್ತು ತಮ್ಮ ಚಿಕ್ಕವರಿದ್ದಾಗ ಹಾಗೆ ಕರೀತಿದ್ವಿ, ಆಮೇಲೆ ಇಡೀ ಇನ್‌ಸ್ಟಿಟ್ಯೂಟೇ ಹಾಗೆ ಕರೀತು. ಆಗ ಪರೀಕ್ಷೆಗೆ ಮೆಷೀನ್‌ಗಳನ್ನ ನಾವೇ ಸೆಂಟರಿಗೆ ಹೊತ್ಕೊಂಡು ಹೋಗ್ಬೇಕಿತ್ತು. ಮಂಡಿ ಲಾರೀಲಿ ಕೆಳಗೆ ಗೋಣಿಚೀಲ ಹಾಸಿ, ಒಂದೊಂದಕ್ಕೂ ಕಂಬಳಿ ಸುತ್ತಿ, ಬಿ.ಹೆಚ್. ರೋಡಲ್ಲಿ ತುಮಕೂರಿಗೆ. ಗುಂಡಿಗೆ ಬಿದ್ದ ಒಂದೊಂದು ಸಲಾನೂ ಎಲ್ಲಾದ್ರೂ ಒಂದು ಸ್ಪ್ರಿಂಗ್ ಹೋಗಿರೋದು. ಮಾವ ಹಿಂದಿನ ರಾತ್ರೀನೇ ಬಂದು, ಲಾರಿ ಹಿಂದೆ ಮೆಷೀನ್ ಜೊತೇಲೇ ಕೂತು ಬಂದು, ಪರೀಕ್ಷೆ ಮುಗಿಯೋವರೆಗೂ ಹಾಲ್ ಹೊರಗೆ ಸ್ಕ್ರೂಡ್ರೈವರ್, ಎಣ್ಣೆ ಡಬ್ಬಿ ಇಟ್ಕೊಂಡು ನಿಂತಿರ್ತಿದ್ರು.

ಒಂದು ಸಲ ಒಬ್ಬಳು ಹುಡುಗಿ, ಅಪ್ಪ ಇಲ್ಲ, ಹುಳಿಯಾರು ಕಡೆಯವಳು, ಸ್ಪೀಡ್ ಪೇಪರಿಗೆ ಹತ್ತು ನಿಮಿಷ ಇರುವಾಗ ಅವಳ ಮೆಷೀನಲ್ಲಿ ಕ್ಯಾರೇಜ್ ದಾರ ಕಿತ್ತುಹೋಯ್ತು. ಮಾವ ತಮ್ಮ ಚೀಲದ ಹೊಲಿಗೆ ದಾರಾನೇ ಬಿಚ್ಚಿ, ಮೇಣ ಉಜ್ಜಿ, ಕಟ್ಟಿಕೊಟ್ರು. ಅವಳು ಪಾಸಾದ್ಲು, ಮುಂದೆ ಕೋರ್ಟಲ್ಲಿ ಕೆಲಸ ಸಿಕ್ತು. ಬಿಲ್ಡಿಂಗಿಗೆ ಮೊದಲನೇ ದೇಣಿಗೆ ಅವಳಿಂದಲೇ ಬಂದಿದ್ದು, ನಾವು ಕೇಳಿರ್ಲಿಲ್ಲ. 2011ರಲ್ಲಿ ಗೋದ್ರೇಜ್ ಕಂಪನಿ ಟೈಪ್‌ರೈಟರ್ ಮಾಡೋದು ನಿಲ್ಸಿದೆ ಅಂತ ಪೇಪರಲ್ಲಿ ಬಂದಾಗ ಮಾವ ಆ ಪೇಪರ್ ಹಿಡ್ಕೊಂಡೇ ಮನೆಗೆ ಬಂದ್ರು, ಅಪ್ಪನೂ ಅವರೂ ಸುಮಾರು ಹೊತ್ತು ಸುಮ್ನೆ ಕೂತಿದ್ರು. ಮಾವ ಈಗ ಇಲ್ಲ. ಅವರ ಮಗಳು ನಮ್ಮಲ್ಲೇ ಕಾಸ್ಟ್ ಅಕೌಂಟಿಂಗ್ ಹೇಳ್ಕೊಡ್ತಾಳೆ, ಅವಳ ಕ್ಲಾಸಿಗೆ ಮಕ್ಕಳು ತಪ್ಪಿಸ್ಕೊಳ್ಳಲ್ಲ.

ಕಂಪ್ಯೂಟರ್ ಬಂದಾಗ ನಾವು ಮುಳುಗೇ ಹೋಗ್ತಿದ್ವಿ. ಅಮ್ಮನೇ ಹೇಳಿದ್ದು, ಟೈಪಿಂಗ್ ಹೋದ್ರೆ ಹೋಗ್ಲಿ, ಲೆಕ್ಕ ಎಲ್ಲಿ ಹೋಗುತ್ತೆ ಅಂತ. ಕಂಪ್ಯೂಟರಲ್ಲಿ ಲೆಕ್ಕ ಬರೆಯೋ ಟ್ಯಾಲಿ ಸಾಫ್ಟ್‌ವೇರ್ ಹೇಳ್ಕೊಡೋಕೆ ಶುರು ಮಾಡಿದ್ವಿ. ಅಪ್ಪಂಗೆ ಟ್ಯಾಲಿ ಕಥೆ ಅಂದ್ರೆ ಪ್ರಾಣ, ಶ್ಯಾಮ್ ಸುಂದರ್ ಗೋಯೆಂಕಾ ಅವರು ತಮ್ಮ ವ್ಯಾಪಾರದ ಲೆಕ್ಕಕ್ಕೆ ಸರಿಯಾದ ಸಾಫ್ಟ್‌ವೇರ್ ಸಿಗದೆ ಮಗ ಭರತ್‌ಗೆ ಮಾಡ್ಕೊಡು ಅಂದಿದ್ದು, 1986ರಲ್ಲಿ ನಮ್ಮ ಬೆಂಗಳೂರಲ್ಲೇ ಆ ಕಂಪನಿ ಶುರುವಾಗಿದ್ದು, ಇದನ್ನ ಪ್ರತಿ ಬ್ಯಾಚಿಗೂ ಹೇಳ್ತಾರೆ, ಕೊನೇಲಿ ನಮ್ಮ ಕಡೆ ತಿರುಗಿ ನೋಡ್ತಾರೆ. ಕನ್ನಡ ಟೈಪಿಂಗ್ ಬಿಡ್ಲಿಲ್ಲ, ಕನ್ನಡ ಗಣಕ ಪರಿಷತ್ತಿನ ನುಡಿ ಅನ್ನೋ ಕನ್ನಡ ಸಾಫ್ಟ್‌ವೇರ್ ಬಂದ್ಮೇಲೆ ಅದರಲ್ಲೇ ಹೇಳ್ಕೊಟ್ವಿ, ಕೆ.ಪಿ. ರಾವ್ ಅವರ ಕೀಲಿಮಣೆ ಕಲಿಯೋಕೆ ಅಪ್ಪ 50 ದಾಟಿದ ವಯಸ್ಸಲ್ಲಿ ಹುಡುಗರ ಪಕ್ಕ ಕೂತ್ರು.

2004ರಲ್ಲಿ ತುಮಕೂರು ಯೂನಿವರ್ಸಿಟಿ ಆಯ್ತು. ಅಲ್ಲೀವರೆಗೂ ನಮ್ಮ ಜಿಲ್ಲೆ ಡಿಗ್ರಿ ಕಾಲೇಜುಗಳೆಲ್ಲ ಬೆಂಗಳೂರು ಯೂನಿವರ್ಸಿಟಿ ಕೆಳಗಿದ್ವು, ಒಂದು ಮಾರ್ಕ್ಸ್ ಕಾರ್ಡ್ ತಿದ್ದಿಸೋಕೂ ಬೆಂಗಳೂರಿಗೆ ಹೋಗ್ಬೇಕಿತ್ತು. ಯೂನಿವರ್ಸಿಟಿ ಪಕ್ಕಕ್ಕೆ ಬಂತು, ಬಿಬಿಎಂ, ಅಂದ್ರೆ ಬಿಸಿನೆಸ್ ಮ್ಯಾನೇಜ್‌ಮೆಂಟ್ ಡಿಗ್ರಿ, ಶುರು ಮಾಡೋಣ ಅಂತ ಮನೇಲಿ ಮೊದಲು ಬಾಯಿಬಿಟ್ಟವಳು ನಾನು. ಅನುಮತಿ ಕೊಡೋ ಮುಂಚೆ ಯೂನಿವರ್ಸಿಟಿಯಿಂದ ಲೋಕಲ್ ಇನ್‌ಕ್ವೈರಿ ಕಮಿಟಿ ಅಂತ ಬರುತ್ತೆ, ಎಲ್‌ಐಸಿ ಅಂತಾರೆ, ಲೈಬ್ರರಿ, ರೂಮು, ಲೆಕ್ಚರರ್ಸ್ ಯಾರಿದ್ದಾರೆ ಎಲ್ಲ ನೋಡ್ತಾರೆ. ನಮ್ಮ ಹತ್ರ ಲೈಬ್ರರಿ ಅಂತ ಒಂದು ಬೀರು. ರಿಟೈರ್ ಆಗಿದ್ದ ಕಾಮರ್ಸ್ ಮೇಷ್ಟ್ರು ಒಬ್ಬರು ತಮ್ಮ ಮನೆ ಪುಸ್ತಕ ಅಷ್ಟೂ ಆಟೋದಲ್ಲಿ ಹಾಕಿ ಕಳಿಸಿ, ಮೊದಲ ಎರಡು ವರ್ಷ ಪ್ರಿನ್ಸಿಪಾಲ್ ಆಗಿ ಕೂತ್ರು, ಸಂಬಳ ಅಂತ ಕವರ್ ಕೊಟ್ರೆ ಅದರಲ್ಲೇ ಪುಸ್ತಕ ತರ್ಸೋರು. ಮೇಷ್ಟ್ರೇ, ನೀವು ಪೆನ್ಸಿಲಲ್ಲಿ ಗುರುತು ಹಾಕಿದ ಪುಸ್ತಕಗಳು ಇವತ್ತಿಗೂ ಅದೇ ಬೀರುವಲ್ಲಿವೆ. ಮೊದಲ ವರ್ಷ ಸೇರಿದ್ದು 19 ಮಕ್ಕಳು.

ಕೊಬ್ಬರಿ ಬಗ್ಗೆ ಹೇಳ್ದೆ ನಮ್ಮ ಕಾಲೇಜ್ ಕಥೆ ಆಗಲ್ಲ. ನಮ್ಮ ಕಡೆ ಉಂಡೆ ಕೊಬ್ಬರಿ ಆಗ್ಬೇಕಾದ್ರೆ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗ್ಬೇಕು, ಒಳಗೆ ನೀರು ಇಂಗಿ ಗಿಟುಕು ಅಲ್ಲಾಡೋ ಸದ್ದು ಕೇಳ್ಬೇಕು, ಆಮೇಲೆ ಸುಲಿಸಿ, ಹೆರೆಸಿ ಮಾರ್ಕೆಟ್ಟಿಗೆ. ಅಂದ್ರೆ ತೋಟದವರ ದುಡ್ಡು ವರ್ಷ ಪೂರ್ತಿ ಅಟ್ಟದ ಮೇಲಿರುತ್ತೆ, ಜೂನ್ ಜುಲೈಗೆ ಫೀಸ್ ಕಟ್ಟಿ ಅಂದ್ರೆ ಎಲ್ಲಿಂದ ತರ್ತಾರೆ? ಅದಕ್ಕೆ ಅಮ್ಮ ಒಂದು ದಪ್ಪ ಪುಸ್ತಕ ಇಟ್ಲು, ಯಾರ ಮನೇಲಿ ಕೊಬ್ಬರಿ ಯಾವಾಗ ಸುಲಿಸ್ತಾರೆ ಅಂತ ಹೆಸರಿನ ಮುಂದೆ ಬರೆದು, ಫೀಸಿನ ಗಡುವು ಅದರ ಪ್ರಕಾರ. ನನ್ನ ಎಂಬಿಎಲಿ ವರ್ಕಿಂಗ್ ಕ್ಯಾಪಿಟಲ್, ಅಂದ್ರೆ ದಿನದಿನದ ವ್ಯವಹಾರಕ್ಕೆ ಬೇಕಾದ ದುಡ್ಡು, ಅಂತ ಒಂದು ಪೇಪರ್ ಪೂರ್ತಿ ಓದಿದೀನಿ, ಅಮ್ಮನ ಪುಸ್ತಕದಷ್ಟು ಚೆನ್ನಾಗಿ ಯಾರೂ ಹೇಳ್ಕೊಟ್ಟಿರ್ಲಿಲ್ಲ. ಪೋಷಕರಿಗೆ ದೊಡ್ಡ ನಮಸ್ಕಾರ, ತಡ ಮಾಡಿದವ್ರು ಇದ್ದಾರೆ, ಕೊಡದೆ ಹೋದವ್ರು ನಾಲ್ಕೈದು ಜನ ಇರಬಹುದು ಅಷ್ಟೇ.

ಬಿಲ್ಡಿಂಗಿಗೆ ಅಂತ ಒಂದು ಬ್ಯಾಂಕು ಎಂಟು ತಿಂಗಳು ಓಡಾಡಿಸಿ ಆಗಲ್ಲ ಅಂತು. ಇನ್ನೊಂದು ಬ್ಯಾಂಕು ಮನೆ ಪತ್ರ ಸಾಲಲ್ಲ, ತೋಟದ್ದೂ ಬೇಕು ಅಂತು. ತೋಟ ಅಮ್ಮಂಗೆ ತವರಿಂದ ಬಂದಿದ್ದು, ಅವಳ ಹೆಸರಲ್ಲಿ ಇದ್ದ ಒಂದೇ ಆಸ್ತಿ. ನಾವ್ಯಾರೂ ಕೇಳೋಕೆ ಧೈರ್ಯ ಮಾಡ್ಲಿಲ್ಲ. ಅವಳೇ ಒಂದಿನ ಬೆಳಿಗ್ಗೆ ಟ್ರಂಕ್ ತೆಗೆದು ಪತ್ರ ಊಟದ ಮಣೆ ಪಕ್ಕ ಇಟ್ಟು ರೊಟ್ಟಿ ತಟ್ಟೋಕೆ ಹೋದ್ಲು. ಅಮ್ಮ, ಅವತ್ತು ನಿಂಗೆ ಥ್ಯಾಂಕ್ಸ್ ಹೇಳ್ಲಿಲ್ಲ. ಹೇಳೋಕೆ ಬಾಯಿ ಬರ್ಲಿಲ್ಲ, ಈಗ ಹೇಳ್ತಿದೀನಿ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಮಂಡಿಗಳವರು, ಅಂಗಡಿಯವರು ರಾತ್ರಿ ಒಂಬತ್ತಕ್ಕೆ ಬಂದು ನಮ್ಮ ಲ್ಯಾಬಲ್ಲಿ ಮಕ್ಕಳ ಪಕ್ಕ ಕೂತು ರಿಟರ್ನ್ ಹಾಕೋದು ಕಲಿತ್ರು. ಮರುವರ್ಷ ಏಪ್ರಿಲಲ್ಲಿ ಇ-ವೇ ಬಿಲ್, ಅಂದ್ರೆ ಸರಕು ಸಾಗಿಸೋಕೆ ಆನ್‌ಲೈನಲ್ಲಿ ತೆಗೆಯೋ ಬಿಲ್, ಬಂತು, ರಾಜ್ಯದ ಒಳಗಿನ ಸಾಗಾಣಿಕೆಗೆ ದೇಶದಲ್ಲಿ ಮೊದಲು ಶುರುಮಾಡಿದ್ದು ಕರ್ನಾಟಕಾನೇ, ಆಗಂತೂ ನಮ್ಮ ಫೈನಲ್ ಇಯರ್ ಮಕ್ಕಳನ್ನ ಮಂಡಿಗಳವರು ಕೈಹಿಡಿದು ಕರ್ಕೊಂಡು ಹೋದ್ರು. ನಮ್ಮ ಪ್ಲೇಸ್‌ಮೆಂಟ್ ಶುರುವಾಗಿದ್ದೇ ಹಾಗೆ. ಬೆಂಗಳೂರಿನ ಕಂಪನಿಗಳು ಆಮೇಲೆ ಬಂದ್ವು.

2020ರ ಮಾರ್ಚು. ಬೀಗ ಹಾಕಿ ಬಂದ್ವಿ, ಮೂರು ವಾರ ಅಂದ್ಕೊಂಡು. ಕಂತಿಗೆ ಬ್ಯಾಂಕಿನವರು ಕೆಲವು ತಿಂಗಳು ಟೈಮ್ ಕೊಟ್ರು, ಆದ್ರೆ ಬಡ್ಡಿ ನಿಲ್ಲಲಿಲ್ಲ, ಫೀಸ್ ಬರ್ಲಿಲ್ಲ. ಜೂನಲ್ಲಿ ನಾನು ಸ್ಟಾಫ್ ಮೀಟಿಂಗ್ ಫೋನಲ್ಲೇ ಕರೆದು, ಸಂಬಳ ಪೂರ್ತಿ ಕೊಡೋಕಾಗಲ್ಲ ಅಂತ ಹೇಳೋಕೆ ಹೊರಟು ಅರ್ಧಕ್ಕೆ ನಿಲ್ಸಿದೆ. ಆ ಕಡೆಯಿಂದ ಲೈಬ್ರರಿಯನ್ ಅಕ್ಕ, "ಮೇಡಂ, ಅರ್ಧ ಸಾಕು, ಆದ್ರೆ ಯಾರನ್ನೂ ತೆಗೀಬೇಡಿ, ಅಟೆಂಡರ್ ಅಣ್ಣಂಗೆ ಮಾತ್ರ ಪೂರ್ತಿ ಕೊಡಿ" ಅಂದ್ರು. ಎಲ್ರೂ ಒಪ್ಪಿದ್ರು. 11 ತಿಂಗಳು ಅರ್ಧ ಸಂಬಳ. ಕೆಲವು ಲೆಕ್ಚರರ್ಸು ಗೂಗಲ್ ಮೀಟ್ ಕ್ಲಾಸ್ ಮುಗಿಸಿ ಅಡಿಕೆ ಸುಲಿಯೋಕೆ ಹೋಗಿದ್ದು ನಂಗೆ ಗೊತ್ತಿದೆ. ನೆಟ್‌ವರ್ಕ್ ಸಿಗದ ಮಕ್ಕಳಿಗೆ ನೋಟ್ಸ್ ಜೆರಾಕ್ಸ್ ಮಾಡ್ಸಿ ಬೈಕಲ್ಲಿ ಹಾಲಿನ ಡೈರಿಗೆ ಕೊಟ್ಟು ಬರ್ತಿದ್ರು, ಮಕ್ಕಳು ಹಾಲು ಹಾಕೋಕೆ ಬಂದಾಗ ತಗೊಳ್ಳಲಿ ಅಂತ. ಆ ಬಾಕಿ ಸಂಬಳ 2023ರ ಒಳಗೆ ತೀರಿಸಿದ್ವಿ, ಆದ್ರೆ ಆ 11 ತಿಂಗಳು ನೀವು ಮನೇಲಿ ಹೇಗೆ ನಡೆಸಿದ್ರಿ ಅನ್ನೋದನ್ನ ತೀರಿಸೋಕಾಗಲ್ಲ.

ಆಮೇಲಿನದು ಚಿಕ್ಕದಾಗಿ ಹೇಳ್ತೀನಿ. 2021ರಲ್ಲಿ ಎನ್ಇಪಿ, ಹೊಸ ರಾಷ್ಟ್ರೀಯ ಶಿಕ್ಷಣ ನೀತಿ, ಅಂತ ಡಿಗ್ರಿ ನಾಲ್ಕು ವರ್ಷ ಆಯ್ತು, 2024ಕ್ಕೆ ಮತ್ತೆ ಮೂರು ವರ್ಷ, ಒಂದೇ ಕಾರಿಡಾರಲ್ಲಿ ಎರಡೆರಡು ಸಿಲೆಬಸ್, ಟೈಮ್‌ಟೇಬಲ್ ಮಾಡಿದ ತಮ್ಮನ ಹೆಂಡತಿಗೆ ಕೈ ಮುಗಿದೆ. ಅದೇ ವರ್ಷದಿಂದ ಬಿಬಿಎಗೂ (ನಮ್ಮ ಬಿಬಿಎಂಗೆ ಈಗಿನ ಹೆಸರು) ತಾಂತ್ರಿಕ ಶಿಕ್ಷಣ ನೋಡ್ಕೊಳ್ಳೋ ಕೇಂದ್ರದ ಸಂಸ್ಥೆ ಎಐಸಿಟಿಇ ಅಪ್ರೂವಲ್ ಬೇಕು ಅಂತಾಯ್ತು, ಫೈಲ್ ಮೇಲೆ ಫೈಲು, ನಮ್ಮ ಹಳೇ ಸ್ಟೂಡೆಂಟ್ ಒಬ್ಬ ಬೆಂಗಳೂರಿಂದ ರಜೆ ಹಾಕಿ ಬಂದು ಮೂರು ರಾತ್ರಿ ಕೂತು ಅಪ್‌ಲೋಡ್ ಮಾಡ್ಕೊಟ್ಟ.

2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ಇದ್ರೂ ಮಾರ್ಕೆಟ್ಟಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದು, ಅಮ್ಮನ ಪುಸ್ತಕದ ತುಂಬಾ "ಮುಂದಿನ ವರ್ಷ" ಅಂತಾನೇ ಇತ್ತು. ನಾವೂ ಎರಡು ಕಂತು ತಪ್ಪಿಸಿದ್ವಿ. 2025ರಲ್ಲಿ ಬೆಲೆ ಎದ್ದಾಗ ಎಷ್ಟೋ ಜನ ತಂದೆತಾಯಿ ನಾವು ಕೇಳೋಕೆ ಮುಂಚೆ ಬಂದು ಹಳೇ ಬಾಕಿ ಕಟ್ಟಿದ್ರು, ಒಬ್ಬರು ಮಗಳ ಡಿಗ್ರಿ ಮುಗಿದು ಎರಡು ವರ್ಷ ಆದ್ಮೇಲೆ. ಕೊನೇ ಕಂತು ಕಟ್ಟಿದ ದುಡ್ಡಲ್ಲಿ ಅದೂ ಸೇರಿದೆ.

ಬರೋ ಭಾನುವಾರ ತೋಟದಲ್ಲೇ ಊಟ ಇಟ್ಕೊಂಡಿದೀವಿ. ಟೈಪಿಂಗ್ ಬ್ಯಾಚಿನವರಿಂದ ಈ ವರ್ಷದ ಫಸ್ಟ್ ಇಯರ್‌ವರೆಗೆ ಎಲ್ರೂ ಬನ್ನಿ, ಮನೆಯವರನ್ನೂ ಕರ್ಕೊಂಡು ಬನ್ನಿ. ಹಾಲ್ಡಾ ಮೆಷೀನಿಗೆ ಹೊಸ ರಿಬ್ಬನ್ ಹಾಕಿ ಇಟ್ಟಿರ್ತೀವಿ, ಅಪ್ಪ ಪಕ್ಕದಲ್ಲಿ ಕೂತಿರ್ತಾರೆ, ಕೈ ನಡುಗುತ್ತೆ ಆದ್ರೆ ಯಾರು ಬೆರಳು ತಪ್ಪು ಇಟ್ರೂ ಗೊತ್ತಾಗುತ್ತೆ. ಎಷ್ಟು ಜನ ಬರ್ತೀರಾ ಅಂತ ಶುಕ್ರವಾರದೊಳಗೆ ಆಫೀಸಿಗೆ ಹೇಳ್ಬಿಡಿ, ಅಡುಗೆಯವರಿಗೆ ಲೆಕ್ಕ ಕೊಡ್ಬೇಕು, ಅಮ್ಮ ಆಗಲೇ ಪುಸ್ತಕ ತೆಗೆದಿದ್ದಾಳೆ.