ಆ ವ್ಯಾಪಾರಿಗೆ ಕ್ರಾಂತಿ ಗೊತ್ತಿರಲಿಲ್ಲ

ಪ್ರೀತಿಯ ತಮ್ಮ,

ನಿನ್ನ ಬಾಸ್ಟನ್ ಕಾದಂಬರಿಯ ಮೊದಲ ಅಧ್ಯಾಯಗಳನ್ನು ಓದಿದೆ. ಬರವಣಿಗೆ ಸಲೀಸಾಗಿದೆ. ಆದರೆ ನಿನ್ನ ವ್ಯಾಪಾರಿ 1773ರಲ್ಲೇ ಊಟಕ್ಕೆ ಕೂತು, ‘ದೊಡ್ಡ ಬದಲಾವಣೆ ಬರಲಿದೆ ಮಗನೇ’ ಅನ್ನುತ್ತಾನಲ್ಲ, ಅಲ್ಲಿ ನನಗೆ ನಗು ಬಂತು. ಅಮೆರಿಕದ ಕ್ರಾಂತಿ ಬರಲಿದೆ ಅಂತ ನಿನಗೆ ಗೊತ್ತು. ಅವನಿಗೆ ಹೇಗೆ ಗೊತ್ತಾಗಬೇಕು? ಅವನ ತಲೆ ತುಂಬ ಇರುವುದು ಲಂಡನ್ನಿನ ಸಾಲ, ಇನ್ನೂ ಬಾರದ ಹಡಗು, ಮಳಿಗೆಯಲ್ಲಿ ಕೊಳೆಯುತ್ತಿರುವ ಸರಕು.

ಇನ್ನೊಂದು. ಚಹಾ ತುಟ್ಟಿಯಾಗಿ ಜನ ರೊಚ್ಚಿಗೆದ್ದರು ಅಂತ ಬರೆದಿದ್ದೀಯ. ಆಗಿದ್ದು ಉಲ್ಟಾ. ಬ್ರಿಟಿಷ್ ಸಂಸತ್ತಿನ ಆ ವರ್ಷದ ಚಹಾ ಕಾಯ್ದೆಯಿಂದ ಈಸ್ಟ್ ಇಂಡಿಯಾ ಕಂಪನಿಯ ಚಹಾ ಅಗ್ಗವಾಯಿತು. ಪೌಂಡ್ ತೂಕಕ್ಕೆ ಮೂರು ಪೆನ್ಸ್ ಸುಂಕ ಮಾತ್ರ ಹಾಗೇ ಉಳಿಯಿತು. ಕದ್ದು ತಂದ ಡಚ್ ಚಹಾ ಮಾರುತ್ತಿದ್ದವರ ಹೊಟ್ಟೆಗೂ ಪೆಟ್ಟು ಬಿತ್ತು. ಕಂಪನಿ ಬಾಸ್ಟನ್ನಿನಲ್ಲಿ ಮಾರಾಟ ಒಪ್ಪಿಸಿದ್ದು ಕೆಲವೇ ಕುಟುಂಬಗಳಿಗೆ. ಅವರಲ್ಲಿ ಇಬ್ಬರು ಗವರ್ನರ್ ಹಚಿನ್ಸನ್‌ನ ಸ್ವಂತ ಮಕ್ಕಳು! ನಾವು ಕಲ್ಪಿಸಿ ಬರೆದಿದ್ದರೆ ‘ಅತಿಯಾಯ್ತು’ ಅಂತ ಬೈಸಿಕೊಳ್ಳುತ್ತಿದ್ದೆವು, ಅಲ್ವಾ?

ಈಗ ರಾಚ್ ಕುಟುಂಬವನ್ನು ನೋಡು. ನಾಂಟುಕೆಟ್ ದ್ವೀಪದವರು, ಕ್ವೇಕರ್ ಎಂಬ ಕ್ರೈಸ್ತ ಪಂಥದ ಜನ, ತಿಮಿಂಗಿಲದ ಎಣ್ಣೆ ವ್ಯಾಪಾರಿಗಳು. ಅವರ ಹಡಗು ಡಾರ್ಟ್‌ಮತ್ ಲಂಡನ್ನಿನಿಂದ ವಾಪಸ್ ಬರುವಾಗ ಕಂಪನಿಯ ಚಹಾ ಹೇರಿಕೊಂಡು ಬಂತು. ಅವರಿಗೆ ಅದು ಬಾಡಿಗೆ ಸರಕು, ಅಷ್ಟೇ. ನವೆಂಬರ್ 28ಕ್ಕೆ ಹಡಗು ಬಂದರು ಸೇರಿತು. 20 ದಿನದೊಳಗೆ ಸುಂಕ ಕಟ್ಟದಿದ್ದರೆ ಸರಕು ಜಪ್ತಿ. ಊರಿನವರು ಚಹಾ ಇಳಿಸಲು ಬಿಡರು. ಸುಂಕ ಕಟ್ಟದೆ ಹಡಗು ವಾಪಸ್ ಹೋಗಲು ಸರ್ಕಾರ ಬಿಡದು. ಡಿಸೆಂಬರ್ 16ರಂದು, ಗಡುವಿನ ಹಿಂದಿನ ದಿನ, ಯುವಕ ಫ್ರಾನ್ಸಿಸ್ ರಾಚ್ ಬಾಸ್ಟನ್ ಹತ್ತಿರದ ಮಿಲ್ಟನ್ನಿನಲ್ಲಿದ್ದ ಗವರ್ನರ್ ಮನೆಗೆ ರಹದಾರಿ ಕೇಳಲು ಹೋದ. ಸಿಗಲಿಲ್ಲ. ಕತ್ತಲಾದ ಮೇಲೆ ಬಂದು ಕಿಕ್ಕಿರಿದ ಸಭೆಯ ಮುಂದೆ ನಿಂತ. ಹಡಗನ್ನು ಹಾಗೇ ವಾಪಸ್ ಕಳಿಸ್ತೀಯಾ ಅಂತ ಕೇಳಿದರು. ಕಳಿಸಿದರೆ ತಾನು ಹಾಳಾಗಿಹೋಗುತ್ತೇನೆ ಎಂದ. ಆ ರಾತ್ರಿಯೇ ಡಾರ್ಟ್‌ಮತ್ ಸೇರಿ ಮೂರು ಹಡಗುಗಳ 342 ಪೆಟ್ಟಿಗೆ ಚಹಾ ನೀರುಪಾಲಾಯಿತು.

ಚಹಾ ಸುರಿದದ್ದನ್ನು ಎಲ್ಲರೂ ಬರೆದಿದ್ದಾರೆ. ನೀನು ಆ ಹುಡುಗ ಮಿಲ್ಟನ್ನಿಗೆ ಹೋಗಿ ಬಂದ ದಾರಿಯನ್ನು ಬರಿ. ದಾರಿಯುದ್ದಕ್ಕೂ ಅವನು ಲೆಕ್ಕ ಹಾಕುತ್ತಿರಲಿ. ಸ್ವಾತಂತ್ರ್ಯದ ಮಾತು ಅವನ ಬಾಯಲ್ಲಿ ಬೇಡ.

ಆ ಅಧ್ಯಾಯ ಮೊದಲು ಕಳಿಸು. ಊಟದ ದೃಶ್ಯವನ್ನು ಉಳಿಸಬೇಕೋ ಬೇಡವೋ ಆಮೇಲೆ ನೋಡೋಣ.

ನಿನ್ನ ಅಣ್ಣ