ಸಾಕ್ಷಿಯನ್ನು ಆಮೇಲೆ ಕರೆ

ಪ್ರೀತಿಯ ತಮ್ಮ,

ನೀನು ಕಳಿಸಿದ ಲೇಖನ ಓದಿದೆ. 1931ರ ಫೆಬ್ರವರಿ 4ರಂದು ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಬ್ರಿಟಿಷ್ ವಾಯುಪಡೆಯ ಹಾರುವ ದೋಣಿಯೊಂದು, ಅಂದರೆ ನೀರಿನ ಮೇಲೆ ಇಳಿಯುವ ವಿಮಾನ, ಇಳಿಯುವಾಗ ನೀರಿಗೆ ಬಡಿದು ಮುಳುಗಿದ ಕಥೆ. ಒಳಗಿದ್ದ 12 ಜನರಲ್ಲಿ 9 ಜನ ಸತ್ತರು. ಎಲ್ಲರೂ ಬರೆಯುವುದನ್ನೇ ಬರೆಯದೆ ಇಂಥದ್ದೊಂದು ವಿಷಯ ಹುಡುಕಿದೆಯಲ್ಲ, ಅದೇ ನನಗೆ ಖುಷಿ.

ಆದರೆ ನಿನ್ನ ಮೊದಲ ಸಾಲಿನಲ್ಲೇ ಟಿ.ಇ. ಲಾರೆನ್ಸ್, ಅದೇ 'ಲಾರೆನ್ಸ್ ಆಫ್ ಅರೇಬಿಯಾ' ಅಂತ ಹೆಸರಾದವನು, ದಡದಲ್ಲಿ ನಿಂತಿದ್ದಾನೆ. ಎರಡನೇ ಪ್ಯಾರಾದಲ್ಲಿ ಅವನ ಅರೇಬಿಯಾ. ಮೂರನೆಯದರಲ್ಲಿ ಅವನ ಮೋಟರ್‌ಸೈಕಲ್. ವಿಮಾನ ಬೀಳುವುದು ಐದನೇ ಪ್ಯಾರಾದಲ್ಲಿ, ಒಂದೇ ವಾಕ್ಯದಲ್ಲಿ. ಸತ್ತವರು ಬರೀ ಒಂದು ಸಂಖ್ಯೆ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಲಾರೆನ್ಸ್ ಯಾಕೆ ಸೆಳೆಯುತ್ತಾನೆ ಅನ್ನುವುದು ಗೊತ್ತು. ಮೊದಲ ಮಹಾಯುದ್ಧದಲ್ಲಿ ಕರ್ನಲ್ ಆಗಿದ್ದವನು ಹೆಸರು ಬದಲಿಸಿಕೊಂಡು, ಏರ್‌ಕ್ರಾಫ್ಟ್‌ಮನ್ ಷಾ ಅಂತ ವಾಯುಪಡೆಯ ತೀರಾ ಕೆಳಗಿನ ಹುದ್ದೆಯಲ್ಲಿ ಕೆಲಸ ಮಾಡಿದ. ಕರಾಚಿಯಲ್ಲಿ, ವಾಯವ್ಯ ಗಡಿಯ ಮಿರಾನ್‌ಶಾದಲ್ಲಿ ಇದ್ದ. ಅಲ್ಲಿದ್ದಾಗ ಅಫ್ಘಾನಿಸ್ತಾನದಲ್ಲಿ ಗೂಢಚರ್ಯೆ ಮಾಡುತ್ತಿದ್ದಾನೆ ಅಂತ ಪತ್ರಿಕೆಗಳು ಗುಲ್ಲೆಬ್ಬಿಸಿದವು. 1929ರ ಶುರುವಿನಲ್ಲಿ ಅವನನ್ನು ಹಡಗು ಹತ್ತಿಸಿ ವಾಪಸ್ ಕರೆಸಿಕೊಂಡರು. ಅವನು ಎಲ್ಲಿದ್ದರೂ ಕಥೆ ಅವನ ಸುತ್ತಲೇ ಕಟ್ಟಿಕೊಳ್ಳುತ್ತಿತ್ತು. ನೀನೂ ಈಗ ಅದನ್ನೇ ಮಾಡಿದ್ದೀಯ.

ಮುಂದಿನ ಸಲ ಬರೆಯುವಾಗ ಮೊದಲು ಆ ಯಂತ್ರವನ್ನು ನೋಡು. ಅದು ಬ್ಲ್ಯಾಕ್‌ಬರ್ನ್ ಕಂಪನಿಯ ಐರಿಸ್. ಎರಡು ಅಂತಸ್ತಿನ ರೆಕ್ಕೆ, ಈ ತುದಿಯಿಂದ ಆ ತುದಿಗೆ 97 ಅಡಿ. ರೆಕ್ಕೆಗಳ ನಡುವೆ ಮೂರು ರೋಲ್ಸ್ ರಾಯ್ಸ್ ಕಾಂಡರ್ ಎಂಜಿನ್. ಕೆಳಗೆ ಲೋಹದ ದೋಣಿ. ಅದಕ್ಕೆ ಚಕ್ರ ಇಲ್ಲ. ಹೊಟ್ಟೆಯೇ ದೋಣಿ, ನೀರಿನಿಂದ ಏಳುತ್ತದೆ, ನೀರಿಗೇ ಇಳಿಯುತ್ತದೆ. ಕೆಲಸವಿಲ್ಲದಾಗ ಬಂದರಿನಲ್ಲಿ ಬೋಯ್‌ಗೆ, ಅಂದರೆ ಲಂಗರು ಹಾಕಿದ ತೇಲುಬುರುಡೆಗೆ, ಕಟ್ಟಿಸಿಕೊಂಡು ತೇಲುತ್ತಿರುತ್ತದೆ. ಎಂಜಿನ್ ನೋಡಿಕೊಳ್ಳುವ ಫಿಟರ್, ರೆಕ್ಕೆ ತಂತಿ ನೋಡಿಕೊಳ್ಳುವ ರಿಗ್ಗರ್, ವೈರ್‌ಲೆಸ್ ನಡೆಸುವವನು, ಇಂಥವರೆಲ್ಲ ಪೈಲಟ್ ಜೊತೆಗೇ ಹಾರುತ್ತಿದ್ದರು. ದೂರದ ಯಾವುದೋ ಕೊಲ್ಲಿಯಲ್ಲಿ ಇಳಿದರೆ ರಿಪೇರಿಯೂ ಅವರದೇ. ವಿಮಾನ ಬಿದ್ದಾಗ ಹೋಗುವುದು ಇಂಥ ಜೀವಗಳು. ಇದೊಂದು ಗೊತ್ತಾದರೆ 9 ಅನ್ನುವ ಸಂಖ್ಯೆಗೆ ಕೈಕಾಲು ಬರುತ್ತದೆ.

ಆ ವಾಯುಪಡೆ ನೆಲೆಯ ಹೆಸರು ಮೌಂಟ್ ಬ್ಯಾಟನ್, ಲಾರೆನ್ಸ್ ಆಗ ಕೆಲಸದಲ್ಲಿದ್ದದ್ದೂ ಅಲ್ಲೇ. ಇಲ್ಲಿ ಒಂದು ಸಾಲು ಖರ್ಚು ಮಾಡು. ನಮ್ಮ ಓದುಗರಿಗೆ ಆ ಹೆಸರು ಕೇಳಿದ ಕೂಡಲೇ ಕೊನೆಯ ವೈಸ್‌ರಾಯ್ ನೆನಪಾಗುತ್ತಾನೆ. ಅವನಿಗೂ ಈ ಜಾಗಕ್ಕೂ ಸಂಬಂಧವಿಲ್ಲ. 17ನೇ ಶತಮಾನದ ನೌಕಾಪಡೆಯ ಅಧಿಕಾರಿ ವಿಲಿಯಂ ಬ್ಯಾಟನ್‌ನಿಂದ ಬಂದ ಹೆಸರು ಅದು. ಹೇಳದೇ ಬಿಟ್ಟರೆ ಓದುಗ ಆ ಗೊಂದಲದಲ್ಲೇ ಎರಡು ಪುಟ ಓದುತ್ತಾನೆ.

ಇನ್ನು ಬೀಳುವ ಗಳಿಗೆ. "ನಿಯಂತ್ರಣ ತಪ್ಪಿ ಸಮುದ್ರಕ್ಕೆ ಅಪ್ಪಳಿಸಿತು" ಅಂತ ಬರೆದಿದ್ದೀಯ. ಈ ವಾಕ್ಯವನ್ನು ಯಾವ ಅಪಘಾತಕ್ಕೆ ಬೇಕಾದರೂ ಅಂಟಿಸಬಹುದು, ಅಲ್ವಾ? ಹಾರುವ ದೋಣಿ ಇಳಿಯುವುದರಲ್ಲಿ ಅದರದೇ ಆದ ಕಷ್ಟವಿದೆ. ಅದನ್ನು ಹೇಳು. ನೆಲದ ಮೇಲೆ ಇಳಿಯುವವನಿಗೆ ಹುಲ್ಲು, ಬೇಲಿ, ಮರ ಕಾಣುತ್ತವೆ. ಎಷ್ಟು ಎತ್ತರದಲ್ಲಿದ್ದೇನೆ ಅಂತ ಕಣ್ಣಿಗೆ ಗೊತ್ತಾಗುತ್ತದೆ. ನೀರಿನ ಮೇಲೆ ಹಾಗಲ್ಲ. ಅಲೆ ಇದ್ದರೆ ಪರವಾಗಿಲ್ಲ, ಅಲೆಯ ಗೀರುಗಳಿಂದ ದೂರ ಅಳೆಯಬಹುದು. ಗಾಳಿ ನಿಂತು ನೀರು ಕನ್ನಡಿಯಾದಾಗಲೇ ಅಪಾಯ. ಆಕಾಶವೇ ಕೆಳಗೂ ಕಾಣುತ್ತದೆ. ನೀರು ಹತ್ತು ಅಡಿ ಕೆಳಗಿದೆಯೋ ಐವತ್ತು ಅಡಿ ಕೆಳಗಿದೆಯೋ ಗೊತ್ತಾಗುವುದಿಲ್ಲ. ಓದುಗನಿಗೆ ಶಾಂತ ಸಮುದ್ರ ಅಂದರೆ ಸುರಕ್ಷಿತ ಅನ್ನಿಸುತ್ತದೆ. ಪೈಲಟ್‌ಗೆ ಅದು ಉಲ್ಟಾ.

ಅದಕ್ಕೇ ಅನುಭವಿಗಳು ಕನ್ನಡಿ ನೀರಿನ ಮೇಲೆ ಎಂಜಿನ್ ಬಲ ಪೂರ್ತಿ ತೆಗೆಯುವುದಿಲ್ಲ. ಮೂತಿಯನ್ನು ಸ್ವಲ್ಪ ಎತ್ತಿ ಹಿಡಿದು, ನಿಧಾನವಾಗಿ ಇಳಿಯುತ್ತಾ, ನೀರು ತಾನಾಗೇ ತಳಕ್ಕೆ ತಾಗುವ ತನಕ ಕಾಯುತ್ತಾರೆ. ಹತ್ತಿರ ದಡವಿದ್ದರೆ ಅದನ್ನು ನೋಡಿ ಎತ್ತರ ಅಂದಾಜು ಮಾಡುತ್ತಾರೆ. ಎಂಜಿನ್ ತಗ್ಗಿಸಿ ಜಾರುತ್ತಾ ಬಂದರೆ ಇಳಿಯುವ ವೇಗ ಜಾಸ್ತಿ. ಕೊನೆಯ ಗಳಿಗೆಯಲ್ಲಿ ಸರಿಯಾದ ಎತ್ತರಕ್ಕೆ ಮೂತಿ ಎತ್ತಲೇಬೇಕು. ತಡವಾದರೆ ಮುಗಿಯಿತು. ದೋಣಿಯ ತಳ ಸವರಿಕೊಂಡು ಇಳಿಯುವುದಕ್ಕೆ ಕಟ್ಟಿದ್ದು, ಮೂತಿಯಿಂದ ಗುದ್ದುವುದಕ್ಕಲ್ಲ. ಆ ವೇಗದಲ್ಲಿ ನೀರು ಮೆತ್ತಗಿರುವುದೂ ಇಲ್ಲ.

ಐರಿಸ್ ಮೂತಿ ಎತ್ತಲೇ ಇಲ್ಲ. ನೇರವಾಗಿ ನೀರಿಗೆ ಹೋಯಿತು. ದಡದಿಂದ ನೋಡುತ್ತಿದ್ದವರ ಕಣ್ಣೆದುರೇ.

ಇಲ್ಲಿಗೆ ಬಂದ ಮೇಲೆ ಒಂದು ಪ್ರಶ್ನೆ ಏಳಬೇಕು. ಆಗ ಚುಕ್ಕಾಣಿ ಯಾರ ಕೈಯಲ್ಲಿತ್ತು? ಇಡೀ ಕಥೆಯ ಗಂಟು ಇದೇ. ನೀನು ಅದನ್ನು ಕೊನೆಯ ಪುಟದಲ್ಲಿ ಅರ್ಧ ವಾಕ್ಯಕ್ಕೆ ತಳ್ಳಿದ್ದೀಯ. ವಿಮಾನದಲ್ಲಿ ಅದನ್ನು ಚೆನ್ನಾಗಿ ನಡೆಸಬಲ್ಲ ಪೈಲಟ್ ಇದ್ದ. ಆದರೆ ಇಳಿಸುತ್ತಿದ್ದವನು ಅವನಿಗಿಂತ ಮೇಲಿನ ಅಧಿಕಾರಿ, ಇಂಥ ದೋಣಿ ಇಳಿಸುವುದರಲ್ಲಿ ಅಷ್ಟು ಪಳಗದವನು. ಮೇಲಧಿಕಾರಿ ಕೇಳಿದರೆ ಕಿರಿಯವನು ಹೇಗೆ ಇಲ್ಲ ಅನ್ನುತ್ತಾನೆ? ಗಾಳಿ, ನೀರು, ಎಂಜಿನ್, ಇವುಗಳಲ್ಲಿ ಒಂದೂ ಹುದ್ದೆ ನೋಡುವುದಿಲ್ಲ. ಆ ಕಾಕ್‌ಪಿಟ್‌ನಲ್ಲಿ ಹುದ್ದೆ ಗೆದ್ದಿತು. ಹಿಂದೆ ಕೂತಿದ್ದ ಫಿಟರ್, ರಿಗ್ಗರ್‌ಗಳನ್ನು ಯಾರೂ ಕೇಳಲಿಲ್ಲ, ಅವರು ಹೇಳುವ ಹಾಗೂ ಇರಲಿಲ್ಲ. ನನ್ನನ್ನು ಈ ಘಟನೆ ಇವತ್ತಿಗೂ ಕಾಡುವುದು ಇದಕ್ಕಾಗಿ. ನಿಧಾನವಾಗಿ ಬರೆ ಈ ಭಾಗವನ್ನು. ಆ ಅಧಿಕಾರಿಯನ್ನು ರಾಕ್ಷಸ ಮಾಡಬೇಡ. ಅವನಿಗೆ ಬೇಡ ಅನ್ನಲು ಕಿರಿಯರನ್ನು ಬಿಡದ ವ್ಯವಸ್ಥೆಯನ್ನು ತೋರಿಸು.

ಈಗ ಲಾರೆನ್ಸ್‌ನನ್ನು ಕರೆ. ಅವನೂ ರಕ್ಷಣಾ ದೋಣಿಯಲ್ಲಿ ಧಾವಿಸಿದವನು. ಆಮೇಲೆ ವಿಚಾರಣೆಯಲ್ಲಿ ಸಾಕ್ಷಿ ಹೇಳಿದ. ಅದಕ್ಕಿಂತ ದೊಡ್ಡದು, ಪ್ಲಿಮತ್‌ನ ಸಂಸದೆ ನ್ಯಾನ್ಸಿ ಆಸ್ಟರ್‌ಗೆ ಪತ್ರ ಬರೆದು ಈ ವಿಷಯ ಮುಚ್ಚಿಹೋಗದಂತೆ ನೋಡಿಕೋ ಅಂದದ್ದು. ಆ ಪತ್ರದ ತೂಕ ಓದುಗನಿಗೆ ಗೊತ್ತಾಗಬೇಕಾದರೆ ಎರಡು ವರ್ಷ ಹಿಂದಿನ ಒಂದು ಸಂಗತಿ ಬೇಕು. 1929ರಲ್ಲಿ ವಾಯುಖಾತೆಯ ಮಂತ್ರಿ ಲಾರ್ಡ್ ಥಾಮ್ಸನ್ ಅವನನ್ನು ಕೆಲಸದಿಂದ ತೆಗೆಯುವವರೆಗೆ ಹೋಗಿದ್ದ. ಕೊನೆಗೆ ಉಳಿಸಿಕೊಂಡದ್ದು ಷರತ್ತಿನ ಮೇಲೆ. ದೊಡ್ಡವರ ಸಹವಾಸ ಬಿಡಬೇಕು, ಚರ್ಚಿಲ್ ಬೇಡ, ಲೇಡಿ ಆಸ್ಟರ್ ಬೇಡ. ಅಂಥ ಎಚ್ಚರಿಕೆ ತಿಂದಿದ್ದ ಏರ್‌ಕ್ರಾಫ್ಟ್‌ಮನ್ ಒಬ್ಬ, ತನ್ನದೇ ವಾಯುಪಡೆಯ ಹಿರಿಯ ಅಧಿಕಾರಿಯ ತಪ್ಪಿನ ಬಗ್ಗೆ ಅದೇ ಆಸ್ಟರ್‌ಗೆ ಬರೆಯುತ್ತಾನೆ. ಥಾಮ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದ. 1930ರ ಅಕ್ಟೋಬರ್‌ನಲ್ಲಿ ಆರ್101 ಅನ್ನುವ ಏರ್‌ಶಿಪ್ (ಅನಿಲ ತುಂಬಿ ಹಾರಿಸುವ ದೊಡ್ಡ ಹಡಗು) ಫ್ರಾನ್ಸಿನಲ್ಲಿ ಬಿದ್ದು ಉರಿದಾಗ ಸತ್ತ 48 ಜನರಲ್ಲಿ ಅವನೂ ಒಬ್ಬ. ಆದರೂ ಲಾರೆನ್ಸ್ ತೆಗೆದುಕೊಂಡ ಅಪಾಯ ಸಣ್ಣದಲ್ಲ. ಅರೇಬಿಯಾದ ಸಾಹಸ ಬೇಕಾದಷ್ಟು ಜನ ಬರೆದಿದ್ದಾರೆ. ನಿನಗೆ ಬೇಕಿರುವುದು ಈ ಧೈರ್ಯ, ಯಾಕೆಂದರೆ ಇದು ಸತ್ತವರ ಪರವಾಗಿ ತೋರಿಸಿದ್ದು.

ಒಂದು ಕಡೆ ಮಾತ್ರ ಜೋಪಾನ. ಲಾರೆನ್ಸ್ ದುರಂತ ನೋಡಿದ, ನಿಧಾನದ ದೋಣಿಗಳನ್ನು ನೋಡಿ ಮರುಗಿದ, ಅಲ್ಲಿಂದ ವೇಗದ ರಕ್ಷಣಾ ದೋಣಿ ಹುಟ್ಟಿತು ಅಂತ ಬರೆದಿದ್ದೀಯ. ಓದುವುದಕ್ಕೆ ಚೆನ್ನಾಗಿದೆ. ತಾರೀಖು ಹೊಂದುವುದಿಲ್ಲ. ಬಿಸ್ಕೇನ್ ಬೇಬಿ ಅನ್ನುವ ಅಮೆರಿಕದ ಸ್ಪೀಡ್‌ಬೋಟ್ ಒಂದನ್ನು ಅವನು ಅದಕ್ಕೆ ಮೊದಲೇ ಬಿಚ್ಚಿ, ಜೋಡಿಸಿ, ಓಡಿಸಿ ಪಳಗಿದ್ದ. ಸೌತಾಂಪ್ಟನ್ ಹತ್ತಿರದ ಹೈಥ್‌ನಲ್ಲಿ ಹ್ಯೂಬರ್ಟ್ ಸ್ಕಾಟ್ ಪೇನ್ ಅವರ ಬ್ರಿಟಿಷ್ ಪವರ್ ಬೋಟ್ ಕಂಪನಿ ವಾಯುಪಡೆಗೆ ಹೊಸ ದೋಣಿ ಕಟ್ಟುವ ಕೆಲಸ ಐರಿಸ್ ಬೀಳುವ ಮೊದಲೇ ಶುರುಮಾಡಿತ್ತು. ಹಳೆಯ ದೋಣಿಗಳು ನೀರು ಸೀಳಿಕೊಂಡು ತೆವಳುತ್ತಿದ್ದವು. ಹೊಸದು ವೇಗ ಹಿಡಿದ ಮೇಲೆ ನೀರಿನ ಮೇಲಕ್ಕೆದ್ದು ಜಾರಿಕೊಂಡು ಹೋಗುವ ದೋಣಿ. ದುರಂತ ಆ ಕೆಲಸವನ್ನು ಹುಟ್ಟಿಸಲಿಲ್ಲ. ಅದು ಎಷ್ಟು ಅವಸರದ ಕೆಲಸ ಅನ್ನುವುದನ್ನು ಎಲ್ಲರಿಗೂ ತೋರಿಸಿತು. ಸಾವಿಗೊಂದು ಫಲ ಸಿಕ್ಕಿತು ಅಂತ ಹೇಳಿ ಓದುಗನನ್ನು ಸಮಾಧಾನ ಮಾಡುವ ಆಸೆ ನಮಗೆಲ್ಲ ಇರುತ್ತದೆ. ಆದರೆ ಅದಕ್ಕಾಗಿ ಕಾಲದ ಸಾಲನ್ನು ಹಿಂದೆಮುಂದೆ ಮಾಡಿದರೆ, ಆ 9 ಜನರ ಸಾವನ್ನು ನಮ್ಮ ಕಥೆಯ ಅನುಕೂಲಕ್ಕೆ ಬಳಸಿಕೊಂಡ ಹಾಗೆ.

ಆ ದೋಣಿಗಳ ಬಗ್ಗೆ ಲಾರೆನ್ಸ್ ಒಂದು ಕೈಪಿಡಿ ಬರೆದ. ಎಂಜಿನ್ ಹೇಗೆ ನೋಡಿಕೊಳ್ಳಬೇಕು, ದೋಣಿ ಹೇಗೆ ನಡೆಸಬೇಕು ಅಂತ, ಅದನ್ನು ಓಡಿಸುವ ಹುಡುಗರಿಗಾಗಿ. ಹೆಸರು ಮಾಡಿದ ಲೇಖಕನೊಬ್ಬ ಹಾಗೆ ಕೂತು ಬರೆದನಲ್ಲ, ನಿನ್ನ ಲೇಖನದಲ್ಲಿ ಅರೇಬಿಯಾದ ಜಾಗಕ್ಕೆ ಅದನ್ನು ತಂದು ಹಾಕು. ಮೋಟರ್‌ಸೈಕಲ್ ಪೂರ್ತಿ ಬಿಡು.

ಇನ್ನೊಂದು ಸಣ್ಣ ಮಾತು. "ಕ್ರೂರ ವಿಧಿ" ಅಂತ ಮೂರು ಕಡೆ ಬಂದಿದೆ. ಮೂರನ್ನೂ ತೆಗೆ. ಎತ್ತರದ ಅಂದಾಜು ತಪ್ಪುವುದು, ಹುದ್ದೆಯ ಅಂಜಿಕೆ, ನಿಧಾನದ ದೋಣಿ, ಇವೆಲ್ಲ ಮನುಷ್ಯರು ತಿದ್ದಬಹುದಾದ ವಿಷಯಗಳು. ವಿಧಿ ಅಂದ ಕೂಡಲೇ ಯಾರೂ ಏನೂ ಮಾಡಬೇಕಾಗಿರಲಿಲ್ಲ ಅಂದ ಹಾಗಾಗುತ್ತದೆ.

ಆ ಕಾಲದ ಪತ್ರಿಕೆಗಳಲ್ಲಿ ವಿಚಾರಣೆಯ ವರದಿ ಹುಡುಕು. 12 ಜನರಲ್ಲಿ ಯಾರ್ಯಾರು ಯಾವ ಕೆಲಸದವರು, ಯಾರು ಎಲ್ಲಿ ಕೂತಿದ್ದರು, ಸಿಕ್ಕಷ್ಟು ಗುರುತು ಹಾಕಿಕೋ. ಅದು ಕೈಗೆ ಬರುವವರೆಗೆ ಎರಡನೇ ಕರಡು ಶುರುಮಾಡಬೇಡ. ಶುರುಮಾಡಿದಾಗ ಮೊದಲ ಪುಟ ಮಾತ್ರ ನನಗೆ ಕಳಿಸು, ಓದಿ ವಾರದೊಳಗೆ ಬರೆಯುತ್ತೇನೆ.

ಪ್ರೀತಿಯಿಂದ,
ನಿನ್ನ ಅಕ್ಕ